ಕೊಟ್ಟಿಗೆಗೊಂದು ಫೋಟೋ

ಫೋಟೋ ತೆಗೆಯುವವನಿಗೆ ಬೈಗುಳ ಹೊಸದಲ್ಲ. ಆದರೆ ನಾನು ಗೋಡೆಗಳ ಫೋಟೋ ತೆಗೆಯಲು ಹೊರಟ ಮೇಲೆ ಬೈದವರಿಗಿಂತ ಅಯ್ಯೋ ಪಾಪ ಎಂದವರೇ ಹೆಚ್ಚು.

ತೊಂಬತ್ತರ ದಶಕ. ಪಾಂಡವಪುರದಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಒಂದು ಪುಸ್ತಕ ಸಿಕ್ಕಿತು. ನಮ್ಮ ತಾತನ ಕಾಲದಲ್ಲಿ ಅಮೆರಿಕದ ಹಳ್ಳಿಗಳಲ್ಲಿ ತೆಗೆದ ಕಪ್ಪುಬಿಳುಪು ಚಿತ್ರಗಳು. ಬರೀ ಕೊಟ್ಟಿಗೆ, ಕಣಜ; ಹಲಗೆ, ಬಾಗಿಲು, ನೆರಳು. ಮನುಷ್ಯರೇ ಇಲ್ಲ. ನೋಡಿ ನನಗೆ ಹುಚ್ಚು ಹಿಡಿಯಿತು.

೧. ಆಲೆಮನೆ

ಕೆ.ಆರ್. ಪೇಟೆ ಹತ್ತಿರದ ಆಲೆಮನೆಯೊಂದರ ಗೋಡೆಗೆ ಕ್ಯಾಮೆರಾ ಹಿಡಿದೆ. ಒಳಗೆ ಬೆಲ್ಲ ಕಾಯಿಸುತ್ತಿದ್ದ ಯಜಮಾನರು ತಲೆ ಬಾಚಿ, ಬಿಳೀ ಅಂಗಿ ತೊಟ್ಟು ಬಂದು ಎದುರಿಗೇ ನಿಂತರು.

"ಸ್ವಲ್ಪ ಪಕ್ಕಕ್ಕೆ ಹೋಗಿ" ಎಂದೆ. ಹೋದರು. "ಇನ್ನೂ ಸ್ವಲ್ಪ."

ಹೀಗೇ ಸರಿದು ಸರಿದು ಕಬ್ಬಿನ ಗದ್ದೆಗೇ ಇಳಿದರು. ಅಲ್ಲಿಂದ ಕೂಗಿ ಕೇಳಿದರು: "ಈಗ ನಾನು ಸರಿಯಾಗಿ ಬತ್ತಾ ಇವ್ನಾ ಸಾಮಿ?"

೨. ಸುಣ್ಣ

ನನಗೆ ನಿಜವಾಗಿ ಬೇಕಿದ್ದದ್ದು ಹೊಣಕೆರೆ ಕಡೆಯ ಒಂದು ಮಣ್ಣಿನ ಕೊಟ್ಟಿಗೆ. ಮಳೆಗೆ ಗೀರುಬಿದ್ದ ಅಂಥ ಗೋಡೆ ನಾನು ಬೇರೆಲ್ಲೂ ಕಂಡಿರಲಿಲ್ಲ. ಮನೆಯ ಮಗ ಅದನ್ನು ಕೆಡವಿ ಸಿಮೆಂಟಿನದು ಕಟ್ಟಿಸುವವನಿದ್ದ. "ಸೋಮವಾರ ಬರ್ತೀನಿ, ಅಲ್ಲೀತನಕ ಕೈಹಚ್ಚಬೇಡಿ" ಎಂದು ಬೇಡಿಕೊಂಡೆ.

ಸೋಮವಾರ ಹೋದರೆ ಗೋಡೆ ಹಾಲಿನಂತೆ ಬೆಳ್ಳಗಿದೆ! ಬಾಗಿಲಿಗೆ ಮಾವಿನ ತೋರಣ. ನನಗೆ ಅಳುವೇ ಬಂತು. ಅವನ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಸುಣ್ಣದ ಕೈಯಲ್ಲೇ ಓಡಿಬಂದರು.

"ಇಂದ್ಲ ಗೋಡೆಗೆ ಸುಣ್ಣ ಸಾಲ್ನಿಲ್ಲ ಕಣಪ್ಪ. ಅದೊಂದ ತೆಗ್ದು ನಮ್ಮ ಮಾನ ಕಳೀಬ್ಯಾಡ."

ಅವರ ಕೈಕಾಲು ಹಿಡಿದು ಆ ಹಿಂದಿನ ಗೋಡೆಯೊಂದನ್ನೇ ತೆಗೆದೆ.

೩. ಎಡೆ

ಕೊಟ್ಟಿಗೆ ಹೋಯಿತು. ಚಿತ್ರಕ್ಕೆ ಕಟ್ಟು ಹಾಕಿಸಿ ಅಜ್ಜಿಗೆ ಕೊಟ್ಟಿದ್ದೆ. ಮಾರ್ನಮಿಗೆ, ತೀರಿದ ಹಿರಿಯರು ಬಂದು ಉಣ್ಣಲೆಂದು ಎಡೆ ಇಟ್ಟು ಬಾಗಿಲು ಮುಚ್ಚುವ ದಿನ, ಊಟಕ್ಕೆ ಕರೆದರು. ನಡುಮನೆಯಲ್ಲಿ ತೀರಿಕೊಂಡವರ ಫೋಟೋಗಳ ಸಾಲು. ಮಧ್ಯದಲ್ಲಿ ನನ್ನ ಗೋಡೆ! ಅದಕ್ಕೂ ಕುಂಕುಮ, ಹೂವಿನ ಹಾರ; ಮುಂದೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ.

"ಆ ಗೋಡೆ ಮೆತ್ತಿದ್ದು ನಮ್ಮನೆಯವ್ರು" ಎಂದರು ಅಜ್ಜಿ. "ಅವರ್ದು ಒಂದು ಫೋಟೋನೂ ಇಲ್ಲ ಕಣಪ್ಪ. ನೋಡು, ಬೆರಳ ಗುರ್ತು ಎಂಗ್ ಬಂದದೆ."

ನಾನೂ ಕೈ ಮುಗಿದೆ. ಮಗ ಮಾತ್ರ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ಗೊಣಗಿದ: "ಗೋಡೆಗ್ಯಾಕವ್ವ ಬಾಡೂಟ? ಇದ್ರಲ್ಲಿ ಅಪ್ಪ ಎಲ್ಲವ್ನೆ?"

"ಒಳಗವ್ರೆ ಕಣ್ಲಾ, ಎಮ್ಮೆ ಆಲು ಕರೀತಾವ್ರೆ" ಎಂದರು ಅಜ್ಜಿ. "ಎಡೆ ಇಟ್ಟು ಬಾಗ್ಲು ಆಕು, ಕೈ ತೊಳ್ಕೊಂಡು ಬತ್ತಾರೆ."