ಬಾವಿಯಿಂದ ಓಗೊಟ್ಟ ಅಂಚೆಮನೆ

"ಇನ್ನ ಮ್ಯಾಲೆ ಈ ಕಾರ್ಖಾನಿಯೊಳಗ ಯಾವ ಕಂಪ್ಯೂಟರಿಗೂ ತಪ್ಪಿಸಿಕೊಳ್ಳಾಕ ಜಾಗಾ ಇಲ್ರಿ!"

ಹೀಗೆ ಘೋಷಿಸಿ ಕೊಣ್ಣೂರ ಅವರು ತಮ್ಮ ಹೊಸ ಯಂತ್ರವನ್ನು ರವಾನೆ ವಿಭಾಗದ ದಾಕ್ಷಾಯಣಿಯ ಮೇಜಿನ ಮೇಲಿಟ್ಟರು. ಹುಬ್ಬಳ್ಳಿಯ ಆ ವಾಲ್ವ್ ಕಾರ್ಖಾನೆಗೆ ಅವರು ಮೆಂಟೆನನ್ಸ್ ಎಂಜಿನಿಯರ್. ತಮ್ಮ ಪ್ರಕಾರ ವಿಜ್ಞಾನಿ. ಯಂತ್ರ ಸ್ಟೀಲಿನ ಊಟದ ಡಬ್ಬಿಯಂತೆ ಕಾಣುತ್ತಿತ್ತು, ಏಕೆಂದರೆ ಅದು ಸ್ಟೀಲಿನ ಊಟದ ಡಬ್ಬಿಯೇ. ಮುಚ್ಚಳಕ್ಕೆ ಅಂಗೈಯಗಲದ ಪರದೆ, ಬದಿಗೆ ಎರಡು ವೈರು.

"ಉಪ್ಪಿಟ್ಟಿನ ವಾಸನಿ ಬರಾಕತ್ತೈತ್ರಿ," ಎಂದಳು ದಾಕ್ಷಾಯಣಿ.

"ವಾಸನಿ ಬಿಡ್ರಿ ಬಾಯಾರ, ವಿಜ್ಞಾನ ನೋಡ್ರಿ! ಇದು ನಾಮಶೋಧಕ."

ವಿಜ್ಞಾನ ನೋಡಲು ಅವಳಿಗೆ ಪುರುಸೊತ್ತು ಇರಲಿಲ್ಲ. ಗಂಟೆ ಎರಡೂವರೆ. ಮುನ್ನೂರ ಹನ್ನೆರಡು ವಾಲ್ವುಗಳ ಕಂಟೇನರು ಮಂಗಳೂರು ಬಂದರಿನಲ್ಲಿ ನಿಂತಿತ್ತು. ಅದರ ತಪಾಸಣೆ ಪ್ರಮಾಣಪತ್ರ ನಾಲ್ಕರೊಳಗೆ ಏಜೆಂಟರಿಗೆ ಮುಟ್ಟದಿದ್ದರೆ ಹಡಗು ಕಂಟೇನರನ್ನು ಬಿಟ್ಟು ಹೊರಡುತ್ತದೆ. ಅದೂ ಕಂಪನಿಯ ಸ್ವಂತ ಇಮೇಲ್ ವಿಳಾಸದಿಂದಲೇ ಹೋಗಬೇಕು. ಫೋನಿನಲ್ಲಿ ಫೋಟೋ ಕಳಿಸಿದರೆ ಒಪ್ಪುವುದಿಲ್ಲ. "ಹಡಗ ತಪ್ಪಿದ್ರ ರವಾನಿ ಕೆಲಸಾ ಬ್ಯಾರೇದವರಿಗೆ ಕೊಡೂದಾಗ್ತೈತಿ," ಎಂದು ಮಾಲೀಕ ಈರಸಂಗಪ್ಪ ಮುಂಜಾನೆಯೇ ಹೇಳಿ ಹೋಗಿದ್ದರು. ಅವಳು ಹದಿನೆಂಟು ವರ್ಷ ಕೂತ ಕುರ್ಚಿ ಅದು.

ಆದರೆ ಬೆಳಿಗ್ಗೆಯಿಂದ ಒಂದು ಮೇಲೂ ಹೊರಗೆ ಹೋಗಿರಲಿಲ್ಲ. ಕಾರಣವನ್ನು ಅವಳು ಆಗಲೇ ಪತ್ತೆ ಮಾಡಿದ್ದಳು. ಮೇಲ್ ಸಾಗಿಸುವ ಕಂಪ್ಯೂಟರಿಗೆ 'ಅಂಚೆಮನೆ' ಎಂದು ಹೆಸರು, ಜೊತೆಗೆ ಒಂದು ಸಂಖ್ಯೆಯ ವಿಳಾಸ. ಸಂಖ್ಯೆ ಹಿಡಿದು ಕರೆದರೆ ಓಗೊಡುತ್ತಿತ್ತು. ಹೆಸರು ಹಿಡಿದು ಕರೆದರೆ 'ಅಂಥದ್ದು ಯಾವುದೂ ಇಲ್ಲ' ಎಂಬ ಉತ್ತರ. ಯಾವ ಹೆಸರಿಗೆ ಯಾವ ಸಂಖ್ಯೆ ಎಂದು ತಿಳಿಸುವ ಪೆಟ್ಟಿಗೆ ಹಿಂದಿನ ದಿನದ ಸಿಡಿಲಿಗೆ ಸುಟ್ಟಿತ್ತು. ಹೆಸರು ತಾಳೆಯಾಗದೆ ಮೇಲ್ ಪ್ರೋಗ್ರಾಂ ಯಾರನ್ನೂ ನಂಬದು. ಹೆಸರನ್ನೂ ಸಂಖ್ಯೆಯನ್ನೂ ತನ್ನ ಕಂಪ್ಯೂಟರಿನಲ್ಲೇ ಬರೆದಿಟ್ಟರೆ ಸಾಕು, ಎರಡು ನಿಮಿಷದ ಕೆಲಸ.

ಅಷ್ಟರಲ್ಲಿ ಕೊಣ್ಣೂರ ಅವರು ಡಬ್ಬಿಯ ವೈರನ್ನು ನೆಟ್‌ವರ್ಕಿಗೆ ಚುಚ್ಚಿಯಾಗಿತ್ತು!

"ಇದು ಎಲ್ಲಾರಿಗೂ ಕೂಗಿ ಕೇಳ್ತೈತ್ರಿ, 'ಅಂಚೆಮನೆ ಯಾರು?' ಅಂತ. ಇದ್ದವರು 'ನಾನ' ಅಂತಾರ. ಮುಗೀತು!"

ಡಬ್ಬಿ ಕೇಳಿತು. ಮೂಲೆಯ ಪ್ರಿಂಟರು ತಾನಾಗಿ ಒಂದು ಹಾಳೆ ಹೊರಹಾಕಿತು. ಅದರ ಮೇಲೆ 'ನಾನು' ಎಂದಷ್ಟೇ ಇತ್ತು. ಗೇಟಿನಲ್ಲಿ ಯಾರೂ ಬೆರಳಿಡದಿದ್ದರೂ ಹಾಜರಿ ಯಂತ್ರ "ಥ್ಯಾಂಕ್ ಯೂ, ಥ್ಯಾಂಕ್ ಯೂ" ಎನ್ನತೊಡಗಿತು. ಲಾರಿ ತೂಗುವ ಕಾಟಾ ಬರಿದಾಗಿದ್ದರೂ ಹನ್ನೆರಡು ಟನ್ ತೋರಿಸಿತು.

"ಎಲ್ಲಾರೂ ಅಂಚಿಮನೀನ ಆದ್ರಲ್ರೀ!" ಎಂದಳು ದಾಕ್ಷಾಯಣಿ.

"ಸ್ವಲ್ಪ ತಡೀರಿ, ಸುಳ್ಳು ಯಾರದು ಅಂತ ಅದಽ ಸೋಸ್ತೈತಿ."

ಸೋಸಿತು. ಎಲ್ಲ ಒಮ್ಮೆಲೇ ಸುಮ್ಮನಾದವು. ಪರದೆಯ ಮೇಲೆ ಒಂದೇ ಸಾಲು: 'ಅಂಚೆಮನೆ ಸಿಕ್ಕಿದೆ.' ಕೆಳಗೆ ಸಂಖ್ಯೆ. ಕೊನೆಯ ಅಂಕಿ ಏಳು.

ದಾಕ್ಷಾಯಣಿ ಆ ಅಂಕಿಯನ್ನು ಮತ್ತೊಮ್ಮೆ ಓದಿದಳು. ಈಗಿನ ಅಂಚೆಮನೆಯ ಸಂಖ್ಯೆ ನಲವತ್ತರಲ್ಲಿ ಮುಗಿಯುತ್ತದೆ. "ಏಳು ಹಳೇ ಅಂಚಿಮನಿ ಕಂಪ್ಯೂಟರಿನ ನಂಬರ್ರಿ," ಎಂದಳು.

"ಹಳೇದು ಎಲ್ಲೈತ್ರಿ ಈಗ?" ಎಂದರು ಕೊಣ್ಣೂರ. ಅವರು ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತಷ್ಟೆ.

"ಬಾವ್ಯಾಗ."

ಅನ್ನ ಹಾಕಿದ ಯಂತ್ರವನ್ನು ಗುಜರಿಗೆ ಕೊಡಬಾರದೆಂಬುದು ಈರಸಂಗಪ್ಪನವರ ತಂದೆ ಮಾಡಿಟ್ಟ ನೇಮ. ಕೆಲಸ ಮುಗಿಸಿದ ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹಿತ್ತಲಿನ ಬಾವಿಗೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಆ ಕಂಪ್ಯೂಟರಿಗೆ ಆರತಿ ಎತ್ತಿದವಳು ದಾಕ್ಷಾಯಣಿಯೇ. ನಲವತ್ತು ಅಡಿ ನೀರು. ವೈರಿಲ್ಲ, ಕರೆಂಟಿಲ್ಲ.

ಅವಳು ಏಳನ್ನು ಕರೆದು ನೋಡಿದಳು. ನಾಲ್ಕು ಸಲ ಕೇಳಿದ್ದಕ್ಕೆ ನಾಲ್ಕು ಸಲವೂ ಉತ್ತರ ಬಂತು. ಕಿಟಕಿಯಾಚೆ ಬಾವಿಯಲ್ಲಿ ನಾಲ್ಕು ಗುಳ್ಳೆ ಒಡೆದ ಸದ್ದು.

"ಆಮೆ ಇರಬೇಕ್ರಿ," ಎಂದರು ಕೊಣ್ಣೂರ, ದನಿ ತಗ್ಗಿಸಿ.

"ಲೆಕ್ಕಾ ಬರೂ ಆಮೆ ಏನ್ರಿ?"

ಅವಳು ನಲವತ್ತರ ಸಂಖ್ಯೆಯನ್ನು ತನ್ನ ಕಂಪ್ಯೂಟರಿನಲ್ಲಿ ಬರೆದಳು. ಕಣ್ಣೆದುರೇ ಅದು ಏಳಾಯಿತು. ಮತ್ತೆ ಬರೆದಳು, ಮತ್ತೆ ಏಳು. ಡಬ್ಬಿಯ ಪರದೆ 'ತಪ್ಪಿತ್ತು, ತಿದ್ದಿದ್ದೇನೆ' ಎಂದಿತು.

"ಕೀಳ್ರಿ ಅದನ್ನ!"

ಕೊಣ್ಣೂರ ಎರಡೂ ವೈರು ಕಿತ್ತರು. ಪರದೆ ಆರಲಿಲ್ಲ. ಡಬ್ಬಿ ಬಿಚ್ಚಿ ಬ್ಯಾಟರಿ ತೆಗೆದರು, ಆಗಲೂ ಆರಲಿಲ್ಲ. ಸಾಲು ಒಂದೊಂದಾಗಿ ಬೆಳೆಯುತ್ತ ಹೋಯಿತು: ಲೆಕ್ಕಪತ್ರ ವಿಭಾಗ ಸಿಕ್ಕಿದೆ, ಏಳು. ಉಗ್ರಾಣ ಸಿಕ್ಕಿದೆ, ಏಳು. ಮಾಲೀಕರ ಕೋಣೆ, ಏಳು. ಕಾರ್ಖಾನೆಯ ಇಪ್ಪತ್ತಮೂರೂ ಕಂಪ್ಯೂಟರುಗಳ ವಿಳಾಸ ಬಾವಿಯೇ ಆಯಿತು! ಹಿತ್ತಲಿನಲ್ಲಿ ನೀರು ಅನ್ನ ಕುದಿಯುವಂತೆ ಸದ್ದು ಮಾಡುತ್ತಿತ್ತು.

"ಏನ್ರಿ ಇದು, ಬಾವಿ ಕುದ್ಯಾಕತ್ತೈತಿ?" ಎನ್ನುತ್ತ ಈರಸಂಗಪ್ಪ ಒಳಬಂದರು. ಗೋಡೆ ಗಡಿಯಾರ ನೋಡಿದರು. ಮೂರು ಐವತ್ತೆರಡು. "ಕಾಗದ ಹೋತಿಲ್ಲ?"

ಬೇರೆ ದಾರಿ ಇರಲಿಲ್ಲ. ದಾಕ್ಷಾಯಣಿ ಪ್ರಮಾಣಪತ್ರ ಲಗತ್ತಿಸಿ, ಕಣ್ಣುಮುಚ್ಚಿ ಗುಂಡಿ ಒತ್ತಿದಳು. ಬಾವಿಯ ಕುದಿ ತಟ್ಟನೆ ನಿಂತಿತು. ಆಮೇಲೆ ದೊಡ್ಡದೊಂದೇ ಗುಳ್ಳೆ, ನಿಧಾನವಾಗಿ ಎದ್ದು, ಒಡೆಯಿತು. ಪರದೆಯಲ್ಲಿ 'ತಲುಪಿದೆ' ಎಂದು ಬಂತು.

ಐದು ನಿಮಿಷಕ್ಕೆ ಮಂಗಳೂರಿನ ಏಜೆಂಟರ ಫೋನು.

"ಎಂತ ಮಾರಾಯ್ರೆ ಇದು? ನಿಮ್ಮ ಸರ್ಟಿಫಿಕೇಟು ನಮ್ಮಲ್ಲಿ ಉಂಟು."

"ಬಂತೇನ್ರಿ!"

"ಈಗ ಬಂದದ್ದಲ್ಲ. ಹಳೇ ಫೈಲಲ್ಲಿ ಉಂಟು. ಹನ್ನೊಂದು ವರ್ಷದ ಹಿಂದೆ ಬಂದ ಮೇಲ್. ಆಗ ಇಲ್ಲಿದ್ದ ಶ್ರೀಪತಿ ರಾಯರು ಪ್ರಿಂಟು ತೆಗೆದು ಇಟ್ಟಿದ್ದಾರೆ. ಕಾಗದ ಹಳದಿ ಆಗಿದೆ. ಕಂಟೇನರ್ ನಂಬ್ರ ಸರಿ ಉಂಟು, ಸಹಿಯ ಕೆಳಗೆ ಇವತ್ತಿನ ತಾರೀಕು."

ದಾಕ್ಷಾಯಣಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಹಂಗಾರ... ಹಡಗ?"

"ಕಂಟೇನರು ಹತ್ತಿಸಿದ್ದೇವೆ. ನಾಲ್ಕರ ಒಳಗೆ ಬರಬೇಕು ಅಂತ ನಿಯಮ. ಒಳಗೇ ಬಂದಿದೆಯಲ್ಲ!"

ಅವಳು ಫೋನಿಟ್ಟು ನಡೆದದ್ದನ್ನು ಹೇಳಿದಳು. ಕೊಣ್ಣೂರ ಡಬ್ಬಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಈರಸಂಗಪ್ಪ ಕಿಟಕಿಯಿಂದ ಬಾವಿಯನ್ನು ನೋಡಿ, ಅವಳ ಕಡೆ ತಿರುಗಿದರು.

"ಹನ್ನೊಂದು ವರ್ಷದ ಹಿಂದನ ಮುಟ್ಟಿದ ಕಾಗದಕ್ಕ, ಮುಂಜಾನಿಂದ ಯಾಕಿಷ್ಟ ಒದ್ದಾಡಿದ್ರಿ, ಬಾಯಾರ?"