ತೊದಲಿದ ಮಹ್ರೂಸ್

ಸತ್ತ ಅಪ್ಪನ ದನಿ ಕಂಪ್ಯೂಟರಿನೊಳಗೆ ತೊದಲತೊಡಗಿದಾಗ ಕೈರೋದ ಶುಕ್ರಿ ಕುರ್ಚಿಯಿಂದ ಎದ್ದೇಬಿಟ್ಟ. ಅಪ್ಪ ಮಹ್ರೂಸ್ ಮದುವೆಮನೆಯೊಂದರಲ್ಲಿ ಹಾಡಿದ್ದ ಒಂದೇ ಒಂದು ಕ್ಯಾಸೆಟ್ಟು ಅದು. ಕಂಪ್ಯೂಟರಿಗೆ ಇಳಿಸಿದ ಮರುಗಳಿಗೆಯೇ ಟೇಪು ಸಿಕ್ಕುಬಿದ್ದು ತುಂಡಾಗಿತ್ತು. ಈಗ 'ಯಾ ಲೇಲ್', ಅಂದರೆ 'ಓ ಇರುಳೇ', ಎಂದು ಶುರುವಾಗುವ ಹಾಡು, "ಯಾ ಲೇ... ಲೇ... ಲೇ..." ಎಂದು ಮುಗ್ಗರಿಸುತ್ತಿತ್ತು.

ಸಂಜೆ ಅದನ್ನು ಕೇಳಲು, ಊದ್ ಎಂಬ ತಂತಿವಾದ್ಯ ನುಡಿಸುವ ಉಸ್ತಾದ್ ವಗ್ದಿ ಬರುವವರಿದ್ದರು. ನಲವತ್ತು ವರ್ಷದ ಹಿಂದೆ, "ನೀನು ಹಾಡೋನಲ್ಲ, ಹಾಡು ಓದೋನು. ಜನ ಇನ್ನೊಮ್ಮೆ ಅಂದ್ರೂ ನಿನ್ನ ಪಾಡಿಗೆ ಮುಂದೆ ಹೋಗ್ತೀಯ" ಎಂದು ಅಪ್ಪನನ್ನು ಮೇಳದಿಂದ ಅಟ್ಟಿದವರು ಇವರೇ. ಆ ಮಾತನ್ನು ಅವರ ಬಾಯಿಂದಲೇ ಹಿಂತೆಗೆಸಬೇಕೆಂದು ಶುಕ್ರಿಯ ಹಟ.

ಮೇಲ್ಮಹಡಿಯ ಹೆಂಗಸು ಉಮ್ಮ್ ಹಸನೇನ್ ಧೂಪ ಹಿಡಿದು ಬಂದರು. "ದೃಷ್ಟಿ ಕಣೋ! ಮೊದಲು ಹೊಗೆ ಹಾಕು." ಹೊಗೆಗೆ ಶುಕ್ರಿ ಕೆಮ್ಮಿದ, ಹಾಡು ತೊದಲುತ್ತಲೇ ಇತ್ತು.

ಶುಕ್ರಿ ಸ್ಪೀಕರ್ ಬದಲಾಯಿಸಿ ನೋಡುವಾಗ, ಸಕಲವನ್ನೂ ಬಲ್ಲ ಔಷಧಿ ಅಂಗಡಿಯ ಬದ್ರಾನ್ ಮೂಗು ತೂರಿಸಿದ. "ಸ್ಪೀಕರ್ ಬದಲಾಯಿಸಿದ್ರೆ ಏನು ಬಂತು? ನಿನ್ನ ವೈಫೈ ನಡೆಸೋ ಸಾಫ್ಟ್‌ವೇರು, ಆ ಡ್ರೈವರ್ ಇದೆಯಲ್ಲ, ರೊಟ್ಟಿ ಅಂಗಡಿ ಸಾಲಲ್ಲಿ ಮುಂದೆ ನುಗ್ಗೋ ಗಡವ ಇದ್ದಂಗೆ. ನಿಮ್ಮಪ್ಪ ಪಾಪ, ಹಿಂದೆ ನಿಂತು ಕಾಯ್ತಾವ್ನೆ. ಹೊಸದು ಇಳಿಸ್ತೀನಿ, ತಾಳು."

ಅದು ಅರ್ಧ ಇಳಿಯುವಷ್ಟರಲ್ಲಿ ಉಸ್ತಾದರು ಒಂದು ಗಂಟೆ ಮುಂಚೆಯೇ ಬಂದು ಕುರ್ಚಿ ಎಳೆದುಕೊಂಡರು. "ಹಾಕಪ್ಪ, ಕೇಳೋಣ."

ಶುಕ್ರಿ ಕಣ್ಣು ಮುಚ್ಚಿ ಗುಂಡಿ ಒತ್ತಿದ. "ಯಾ ಲೇ..."

"ಅಲ್ಲಾಹ್! ಇನ್ನೊಮ್ಮೆ!" ಎಂದು ಉಸ್ತಾದರು ಅಭ್ಯಾಸಬಲದಿಂದ ಕೂಗಿದರು.

"ಲೇ..." ಎಂದಿತು ದನಿ.

"ಇನ್ನೊಮ್ಮೆ, ನನ್ನಪ್ಪಾ!"

"ಲೇ... ಲೇ..."

ಸತ್ತವನು ಕೇಳಿಸಿಕೊಂಡು ಹಾಡುತ್ತಿದ್ದ! ಉಮ್ಮ್ ಹಸನೇನ್ ಧೂಪದ ಪಾತ್ರೆಯನ್ನು ಹಾಗೇ ಹಿಡಿದು ನಿಂತುಬಿಟ್ಟರು. ಡ್ರೈವರಿನ ಚೇಷ್ಟೆಯೆಂದು ಗೊತ್ತಿದ್ದೂ ಶುಕ್ರಿಯ ಕಣ್ಣು ತುಂಬಿತು. ಅಷ್ಟು ಚಂದವಾಗಿತ್ತು ಅದು.

ಉಸ್ತಾದರು ಗಳಗಳನೆ ಅತ್ತರು. "ಕೇಳುಗರ ಮನಸ್ಸು ಅರಿತು ಹಾಡೋನು ಇವನು. ನಾನೇ ಕಿವುಡ ಆಗಿದ್ದೆ. ಮೇಳದವರೆಲ್ಲ ಕೆಳಗೆ ಕಾಫಿ ಅಂಗಡೀಲಿದ್ದಾರೆ. ಅವರ ಎದುರಿಗೇ ನನ್ನ ಮಾತು ವಾಪಸ್ ತಗೋತೀನಿ. ಕರೀರಿ!"

ಶುಕ್ರಿ ಮೂರು ಮಹಡಿ ಓಡಿಳಿದು ಆರು ಜನ ಮುದುಕರನ್ನು ಮೇಲೆ ಹತ್ತಿಸಿ ತಂದ. ಎಲ್ಲರೂ ಕಂಪ್ಯೂಟರಿನ ಸುತ್ತ ಕೂತರು. ಹಾಡು ಶುರುವಾಯಿತು.

"ಯಾ ಲೇಲ್..."

"ಇನ್ನೊಮ್ಮೆ!" ಉಸ್ತಾದರು ಕೂಗಿದರು.

ದನಿ ನಿಲ್ಲಲಿಲ್ಲ. ಮುಂದಿನ ಸಾಲಿಗೆ ಹೋಯಿತು. ಅದರ ಮುಂದಿನದಕ್ಕೂ ಹೋಯಿತು. ಯಾರು ಎಷ್ಟು ಕೂಗಿದರೂ ಪಾಠ ಒಪ್ಪಿಸುವಂತೆ ಸಾಗಿತು.

ಉಸ್ತಾದರು ಕೋಲು ಊರಿ ಎದ್ದರು. "ಇವನು ಹಾಡು ಓದೋನೇ. ನಲವತ್ತು ವರ್ಷದ ಹಿಂದೆ ಹೇಳಿದ್ದೇ ಸರಿ."

ಅವರ ಹಿಂದೆ ಆರೂ ಜನ ಮೆಟ್ಟಿಲಿಳಿದರು. ಬದ್ರಾನ್ ಮಾತ್ರ ಕಂಪ್ಯೂಟರಿನ ಪಕ್ಕ ಹೆಮ್ಮೆಯಿಂದ ಬೀಗುತ್ತಿದ್ದ.

"ನೀನು ಕೆಳಗೆ ಹೋದಾಗ ಹೊಸ ಡ್ರೈವರ್ ಕೂರಿಸ್ದೆ. ಇನ್ನು ಈ ಜನ್ಮದಲ್ಲಿ ನಿಮ್ಮಪ್ಪ ತೊದಲಲ್ಲ ಬಿಡು!"