ಅರಿಯ ಲಾರಿ ನಿಂತ ದಿನ

ಕೂಕಲ್ತೊರೈಯಿಂದ ಟೀ ಫ್ಯಾಕ್ಟರಿಗೆ ಇಳಿಯುವ ರಸ್ತೆಯ ನಾಲ್ಕನೇ ತಿರುವಿನಲ್ಲಿ ಹಾಲ ಗೌಡರು ಕೈ ಎತ್ತಿ ನಿಂತಿದ್ದರು. ಅರಿ ಎಂಬ ಹುಡುಗ ಓಡಿಸುತ್ತಿದ್ದ ಲಾರಿಯ ಬ್ರೇಕು ಸರಿಯಾಗಿ ಅದೇ ಗಳಿಗೆ ನೋಡಿಕೊಂಡು ಕೈ ಕೊಟ್ಟಿತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ರಾಮಾಯಣ ಆಗುತ್ತಿರಲಿಲ್ಲ. ಹಾಲ ಗೌಡರು ಕೀಳ್ ಕೋತಗಿರಿಯ ವಿದ್ಯಾಳ ತಾತ, ಬಡಗರ ಮಾತಿನಲ್ಲಿ ಹೆತ್ತಪ್ಪ. ವಿದ್ಯಾಳನ್ನು ಅರಿಗೆ ಕೊಡುವ ಮಾತು ಒಂದು ತಿಂಗಳಿಂದ ನಡೆದಿತ್ತು. ಹುಡುಗ ಹೇಗೆ ಏನು ಎಂದು ನೋಡಲು ಗೌಡರು ಅಂದು ಬೆಳಗಿನ ಬಸ್ಸಿನಲ್ಲಿ ಬಂದಿಳಿದಿದ್ದರು. ಅರಿ ಆ ಹುಡುಗಿಯನ್ನು ಎರಡು ಮದುವೆಮನೆಗಳಲ್ಲಿ ನೋಡಿದ್ದ, ಒಂದರಲ್ಲಿ ಮಾತನ್ನೂ ಆಡಿದ್ದ. ಅಂದಿನಿಂದ ರಿವರ್ಸ್ ಗೇರು ಹಾಕುವಾಗಲೂ ಅವನ ಮುಖದಲ್ಲೊಂದು ನಗು ಇರುತ್ತಿತ್ತು. ಅವಳು ಬೇಡ ಅಂದರೆ ಬೇರೆ ಹುಡುಗಿ ಸಿಗುತ್ತಿದ್ದಳೋ ಏನೋ. ಅವನಿಗೆ ಬೇರೆ ಹುಡುಗಿ ಬೇಕಿರಲಿಲ್ಲ, ಅಷ್ಟೆ.

ಇನ್ನು ಈ ನೀಲಗಿರಿ ಬೆಟ್ಟದ ಬಡಗರ ಹಟ್ಟಿಗಳಲ್ಲಿ ಒಂದು ಕಟ್ಟಳೆ ಉಂಟು. ಹಿರಿಯರು ಎದುರಾದರೆ ಕಿರಿಯನು ಟೋಪಿ ತೆಗೆದು ತಲೆ ಬಗ್ಗಿಸಬೇಕು. ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು "ಬದುಕು, ಬದುಕು" ಎಂದು ಹರಸಬೇಕು. ನೀನು ನಡೆದು ಬರುತ್ತಿರು, ಬೈಕಿನಲ್ಲಿರು, ಮೂರು ಟನ್ ಹಸಿರೆಲೆ ತುಂಬಿದ ಲಾರಿಯಲ್ಲಿರು, ಹಿರಿಯರ ಕೈಗೆ ತಲೆ ಸಿಗಲೇಬೇಕು.

ಅರಿ ಬ್ರೇಕ್ ಒತ್ತಿದ. ಪೆಡಲು ಬಂಡೆಯಂತೆ ಕೂತಿತ್ತು. ಒಳಗೆಲ್ಲೋ "ಸುಸ್ಸ್" ಎಂದಿತು. ಎರಡೂ ಕಾಲು ಹಾಕಿ ಸೀಟಿನಿಂದೆದ್ದು ನಿಂತ. ಲಾರಿ ಗೌಡರನ್ನು ದಾಟಿಯೇ ಹೋಯಿತು. ನಿಲ್ಲಿಸಲಾಗದಿದ್ದರೆ ಹೋಗಲಿ, ತಲೆಯನ್ನಾದರೂ ಬಗ್ಗಿಸೋಣ ಎಂದು ಪಾಪ ಒಳಗಿಂದಲೇ ಬಗ್ಗಿಸಿದ. ಹಣೆ ಹೋಗಿ ಹಾರ್ನಿಗೆ ಬಡಿಯಿತು. ಹಳೇ ಲಾರಿಯ ಹಾರ್ನು, ಸತ್ತವರೂ ಎದ್ದು ಕೂರಬೇಕು. ಗೌಡರು ಬೆಚ್ಚಿ ಚಹಾಗಿಡಗಳ ನಡುವೆ ಹಿಂದೆ ಸರಿದದ್ದನ್ನು ಅವನು ಕನ್ನಡಿಯಲ್ಲಿ ಕಂಡ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಾಯಿಗೆ ಬಂದ ದೇವರನ್ನೆಲ್ಲ ಕರೆದು ಲಾರಿ ನಿಲ್ಲಿಸುವ ಹೊತ್ತಿಗೆ ಆರನೇ ತಿರುವು ಬಂದಿತ್ತು.

ಇಳಿದು ಚಕ್ರದ ಸುತ್ತ ನೋಡಿದ. ಮುಂದೆ ಯಾರೂ ಸಿಕ್ಕಿರಲಿಲ್ಲ, ಹಸು ಕರು ಸಹ ಇರಲಿಲ್ಲ. ಬದುಕಿದೆಯಾ ಬಡಜೀವವೇ ಎಂದು ರಸ್ತೆಯ ಅಂಚಿನಲ್ಲಿ ಕೂತು ಉಸಿರು ಬಿಟ್ಟ. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಫೋನು ಹೊಡೆದುಕೊಂಡಿತು. ಅವನ ಅವ್ವ ಲಿಂಗಿ.

"ಎಂತ ಮಾಡ್ದೆ ಮಗಾ! ಹೆಣ್ಣಿನ ಹೆತ್ತಪ್ಪ ಕೈ ಎತ್ತಿದ್ರೆ ಹಾರ್ನ್ ಹೊಡ್ಕೊಂಡು ಹೋದೆಯಂತೆ! ಹಟ್ಟಿಯೆಲ್ಲಾ ಅದೇ ಮಾತು."

"ಅವ್ವಾ, ಬ್ರೇಕ್ ಹಿಡೀಲಿಲ್ಲೆ. ಈಗ್ಲೇ ಹೋಗಿ ಅವರಿಗೆ ಹೇಳ್ತೀನಿ."

"ಬಾಯಿ ಮುಚ್ಚು! ಬ್ರೇಕ್ ಇಲ್ಲದ ಲಾರಿಗೆ ಯಾರು ಹೆಣ್ಣು ಕೊಡ್ತಾರೆ? ಮೊದಲು ರಿಪೇರಿ ಮಾಡಿಸು. ಅವರು ಐದು ಗಂಟೆ ಬಸ್ಸಿಗೆ ಹೋಗ್ತಾರೆ. ಅಷ್ಟರೊಳಗೆ ಲಾರಿ ತಂದು ಅವರ ಮುಂದೆ ಚೆಂದಾಗಿ ನಿಲ್ಸಿ ತಲೆ ಕೊಡು. ಬ್ರೇಕಿನ ಸುದ್ದಿ ಯಾರ ಕಿವಿಗೂ ಬೀಳಬಾರ್ದು."

ಯಾರ ಕಿವಿಗೂ ಬೀಳಬಾರದು ಎಂದಾಗಲೇ ಪಕ್ಕದ ಮನೆಯ ರಾಜೇಶ್‌ಕುಮಾರ್ ಅಲ್ಲಿಗೆ ನಡೆದು ಬರುತ್ತಿದ್ದ. ಈತ ಲಾರಿ ಓಡಿಸಿದವನಲ್ಲ, ಆದರೆ ಲಾರಿಯ ಬಗ್ಗೆ ಫೋನಿನಲ್ಲಿ ನೂರಾರು ವಿಡಿಯೋ ನೋಡಿದ್ದ. "ಬೂಸ್ಟರ್ ಹೋಗಿದೆ," ಎಂದು ಲಾರಿಯನ್ನು ಮುಟ್ಟದೆಯೇ ತೀರ್ಪು ಕೊಟ್ಟ. ಒಂದು ದೊಡ್ಡ ಕಲ್ಲನ್ನು ಎದೆಗೆ ಅವುಚಿಕೊಂಡು ಮುಂದಿನ ಚಕ್ರದ ಪಕ್ಕದಲ್ಲೇ ನಡೆಯತೊಡಗಿದ. ಲಾರಿ ಓಡಿದರೆ ಅಡ್ಡ ಇಡಲಿಕ್ಕೆ ಅಂತೆ. ಮೊದಲ ಗೇರಿನಲ್ಲಿ ತೆವಳುವ ಲಾರಿ, ಪಕ್ಕದಲ್ಲಿ ಕಲ್ಲು ಹೊತ್ತ ಮನುಷ್ಯ. ನೋಡಿದವರಿಗೆ ಯಾವುದೋ ಹರಕೆ ತೀರಿಸುತ್ತಿದ್ದಾರೆ ಅನ್ನಿಸಿರಬೇಕು, ಇಬ್ಬರು ಕೈ ಮುಗಿದರು.

ಫ್ಯಾಕ್ಟರಿಯಲ್ಲಿ ಎಲೆ ಇಳಿಸಿ, ಹಿಂದುಗಡೆಯೇ ಇದ್ದ ಬಾಲಸುಬ್ರಮಣಿಯನ್ ಮೆಕ್ಯಾನಿಕ್‌ನ ಶೆಡ್ಡಿಗೆ ಲಾರಿ ತಂದರು. ಬಾಲು ಪೆಡಲು ಒತ್ತಿ, ಕಿವಿ ಕೊಟ್ಟು, ನಾಲಿಗೆ ಲೊಚಗುಟ್ಟಿದ.

"ನಿನ್ ಕಾಲು ಒಂದು ಕೇಜಿ ಒತ್ತಿದ್ರೆ ಈ ಬೂಸ್ಟರ್ ಡಬ್ಬ ಹತ್ತು ಕೇಜಿ ಒತ್ತುತ್ತೆ ತಂಬಿ. ಒಳಗಿನ ರಬ್ಬರ್ ಹರಿದಿದೆ, ಗಾಳಿ ಸೋರ್ತಿದೆ. ಇಷ್ಟು ದಿನ ನೀನು ಓಡಿಸಿದ್ದು ಬ್ರೇಕಲ್ಲಲ್ಲ, ನಿನ್ನವ್ವನ ಪುಣ್ಯದಲ್ಲಿ."

ಹೊಸ ಬೂಸ್ಟರು ಮೆಟ್ಟುಪಾಳಯದಿಂದ ಬಸ್ಸು ಹತ್ತಿ ಬರುವಾಗ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಆಮೇಲೆ ಇನ್ನೊಂದು ಸಂಕಟ. ಬೂಸ್ಟರನ್ನು ಹಿಡಿದಿಡುವ ನಾಲ್ಕು ನಟ್ಟುಗಳಿರುವುದು ಒಳಗೆ, ಪೆಡಲಿನ ಮೇಲೆ. ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ ತಲೆ ತೂರಿಸಿದರೆ ಮಾತ್ರ ಕೈಗೆ ಸಿಗುತ್ತವೆ. ಬಾಲುವಿನ ಹೊಟ್ಟೆ ಅಲ್ಲಿಗೆ ಹೋಗುವ ಹೊಟ್ಟೆಯಲ್ಲ. ಹಾಗಾಗಿ ಒಳಗೆ ಅರಿ ಮಲಗಿದ. ಬಾಲು ಎಂಜಿನ್ ಕಡೆಯಿಂದ ಡಬ್ಬ ಹಿಡಿದು ನಿಂತ.

ಇತ್ತ ರಾಜೇಶ್‌ಕುಮಾರ್ ಶೆಡ್ಡಿನ ಬಾಗಿಲಲ್ಲಿ ನಿಂತು ಹೋಗಿಬರುವವರಿಗೆಲ್ಲ ಸುದ್ದಿ ಹಂಚುತ್ತಿದ್ದ. ಹಿರಿಯರನ್ನು ಕಂಡರೆ ನಿಲ್ಲಿಸದ ಹುಡುಗ ಇವನೇ ಎಂದು ತಿಳಿದ ಮೇಲೆ, ಆ ದಾರಿಯಲ್ಲಿ ಬಂದ ಯಾವ ಹಿರಿಯರೂ ಸುಮ್ಮನೆ ಮುಂದೆ ಹೋಗಲಿಲ್ಲ. ಬಂದು ಕ್ಯಾಬಿನ್ನಿನ ಬಾಗಿಲಲ್ಲಿ ನೇತಾಡುತ್ತಿದ್ದ ಎರಡು ಕಾಲುಗಳನ್ನು ನೋಡುತ್ತಿದ್ದರು.

"ಯಾರ ಕಾಲಿದು?"

"ನಮ್ಮ ಅರಿಯದು."

"ತಲೆ ಎಲ್ಲಿ? ತಲೆ ತೋರ್ಸು."

ಇಲ್ಲ ಅನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮೂರು ಸುತ್ತು ಹೋಗಿದ್ದ ನಟ್ಟು ಬಿಟ್ಟು, ಹಾವಿನಂತೆ ತೆವಳಿ ಹೊರಬಂದು ಗ್ರೀಸು ಮೆತ್ತಿದ ತಲೆ ಬಗ್ಗಿಸುತ್ತಿದ್ದ. "ಬದುಕು, ಬದುಕು." ಹಿರಿಯರು ಗ್ರೀಸಿನ ಕೈಯನ್ನು ಅವನ ಅಂಗಿಗೇ ಒರೆಸಿ ಹೋಗುತ್ತಿದ್ದರು. ಮತ್ತೆ ಒಳಗೆ ಹೋಗುವಷ್ಟರಲ್ಲಿ ನಟ್ಟು ಎಲ್ಲೋ ಉದುರಿರುತ್ತಿತ್ತು. ಹೀಗೆ ಒಂಬತ್ತು ಜನ. ಒಂಬತ್ತು ಆಶೀರ್ವಾದಗಳಾದರೂ ನಾಲ್ಕನೇ ನಟ್ಟು ಕೂರಲಿಲ್ಲ. ಹತ್ತನೆಯವರು ಬರುವುದು ಕಂಡಾಗ ಬಾಲು ರೇಗಿ ಶೆಡ್ಡಿನ ತಗಡಿನ ಬಾಗಿಲನ್ನೇ ಎಳೆದುಬಿಟ್ಟ.

ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಎಂಜಿನ್ ಚಾಲೂ ಮಾಡಿ ಅರಿ ಕಾಲಿಟ್ಟ. ಪೆಡಲು ಬೆಣ್ಣೆಯ ಹಾಗೆ ಇಳಿಯಿತು. ಲಾರಿ ಗಪ್ಪೆಂದು ನಿಂತಿತು. ಅವನಿಗೆ ಎಷ್ಟು ಹಿತವಾಯಿತೆಂದರೆ ಶೆಡ್ಡಿನ ಮುಂದೆಯೇ ಐದಾರು ಸಲ ಹೋದ, ನಿಲ್ಲಿಸಿದ, ಹೋದ, ನಿಲ್ಲಿಸಿದ.

"ಈಗ ಕೇಳು," ಎಂದ ಪಕ್ಕದಲ್ಲಿ ಕೂತ ರಾಜೇಶ್‌ಕುಮಾರ್. "ಕೆಟ್ಟ ಹೆಸರು ಬಂದದ್ದು ನಿಲ್ಲಿಸದೆ. ಅದನ್ನ ಅಳಿಸೋದು ನಿಲ್ಲಿಸಿಯೇ. ದಾರಿಲಿ ಕೈ ಎತ್ತಿದವರಿಗೆಲ್ಲಾ ನಿಲ್ಸು. ಗೌಡರ ಮುಂದೆ ಅವರೇ ಸಾಕ್ಷಿ ಹೇಳ್ತಾರೆ."

ಮಾತು ಸರಿ ಅನ್ನಿಸಿತು. ಅರಿ ಕೈ ಎತ್ತಿದವರಿಗೆ ನಿಲ್ಲಿಸಿದ. ಕೈ ಎತ್ತದೆ ತಲೆ ಕೆರೆದುಕೊಂಡವರಿಗೂ ನಿಲ್ಲಿಸಿದ. ಎಲೆ ಕೀಳುವ ಹೆಂಗಸರು ಹತ್ತಿದರು, ಕೋಸಿನ ಮೂಟೆಯವರು ಹತ್ತಿದರು, ಚಿನ್ನಮ್ಮಾಳ್ ತನ್ನ ಆಡಿನ ಸಮೇತ ಹತ್ತಿದಳು. ಪ್ರತಿ ಸಲವೂ ಬ್ರೇಕು ಹೇಳಿದ ಮಾತು ಕೇಳಿತು. ಪ್ರತಿ ಸಲವೂ ಅವನ ಎದೆಯ ಭಾರ ಒಂದು ಹಿಡಿ ಕಡಿಮೆಯಾಯಿತು.

ಐದಕ್ಕೆ ಹತ್ತು ನಿಮಿಷ ಇರುವಾಗ ಕೂಕಲ್ತೊರೈ ಬಸ್ ಸ್ಟಾಪಿನ ಬೆಂಚಿನಲ್ಲಿ ಹಾಲ ಗೌಡರು ಕೂತಿದ್ದರು. ಪಕ್ಕದಲ್ಲಿ ಲಿಂಗಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಲಾರಿ ಬಂದು ಗೌಡರ ಚಪ್ಪಲಿಗೆ ಒಂದು ಗೇಣು ದೂರದಲ್ಲಿ, ಒಂದಿಷ್ಟೂ ಕುಲುಕದೆ ನಿಂತಿತು. ಅರಿ ಇಳಿದು, ಉಣ್ಣೆ ಟೋಪಿ ತೆಗೆದು, ತಲೆ ಬಗ್ಗಿಸಿದ.

"ಹೆತ್ತಪ್ಪಾ, ಬೆಳಿಗ್ಗೆ ತಪ್ಪಾಯ್ತು."

ಗೌಡರು ತಲೆಯ ಮೇಲೆ ಕೈಯಿಟ್ಟರು. "ಬದುಕು, ಬದುಕು. ತಪ್ಪೇನು ಬಂತು? ನೀ ನಿಲ್ಲಿಸದೆ ಹೋದದ್ದು ನನಗೆ ಭಾಳ ಸಂತೋಷ."

ಅರಿ ಬಗ್ಗಿಸಿದ ತಲೆಯನ್ನು ಎತ್ತುವುದನ್ನೇ ಮರೆತ.

"ವಿದ್ಯಾಳ ಅಪ್ಪ ಮೂವತ್ತು ವರ್ಷ ಜೀಪು ಓಡಿಸ್ದ," ಎಂದರು ಗೌಡರು. "ಕೈ ಎತ್ತಿದವರಿಗೆಲ್ಲಾ ನಿಲ್ಲಿಸ್ದ. ಆರಕ್ಕೆ ಬರ್ತೀನಿ ಅಂದವ ಒಂಬತ್ತಕ್ಕೆ ಬರ್ತಿದ್ದ. ಮಗಳಿಗೆ ಸ್ಕೂಲಲ್ಲಿ ಪ್ರೈಜ್ ಕೊಟ್ಟ ದಿನ ಅವಳು ಗೇಟಲ್ಲೇ ನಿಂತಿದ್ಳು, ಇವ ಯಾರದೋ ಆಲೂಗಡ್ಡೆ ಮೂಟೆ ಇಳಿಸ್ತಿದ್ದ. ಅದಕ್ಕೆ ಅವಳೇ ಹೇಳಿ ಕಳಿಸಿದ್ಳು. ಹೆತ್ತಪ್ಪ, ಎಲೆ ತುಂಬಿದ ಲಾರಿಗೆ ಕೈ ಎತ್ತಿ ನೋಡು, ನಿಲ್ಲಿಸಿದ್ರೆ ಈ ಹುಡುಗ ಬೇಡ ಅಂತ. ನೀ ನಿಲ್ಲಿಸ್ಲೂ ಇಲ್ಲೆ, ಮೇಲಿಂದ ಹಾರ್ನ್ ಬೇರೆ! ಅಲ್ಲೇ ಫೋನ್ ಮಾಡಿ ಒಪ್ಪಿಗೆ ಅಂದುಬಿಟ್ಟೆ."

ಅರಿಗೆ ಕುಣಿಯಬೇಕು ಅನ್ನಿಸಿತು. ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರೆಲ್ಲ ಒಮ್ಮೆಗೇ ಹೊರಬಂತು. ಅಷ್ಟರಲ್ಲಿ ಹಿಂದುಗಡೆ ಲಾರಿಯ ಹಲಗೆ ಧಡಾರೆಂದು ಬಿಚ್ಚಿಕೊಂಡಿತು.

ಮೊದಲು ಆಡು ಇಳಿಯಿತು. ಅದರ ಹಿಂದೆ ಚಿನ್ನಮ್ಮಾಳ್. "ಗೌಡ್ರೇ, ಬಂಗಾರದಂಥ ಹುಡುಗ! ನನ್ನ ಆಡಿಗೂ ನಿಲ್ಲಿಸ್ದ!"

"ನಮಗೆ ಎರಡು ಸಲ ನಿಲ್ಲಿಸ್ದ," ಎಂದರು ಕೋಸಿನವರು. "ಒಂದು ಮೂಟೆ ಮರೆತು ಬಂದಿದ್ವಿ, ಹಿಂದಕ್ಕೆ ಹೋಗಿ ತಂದುಕೊಟ್ಟ."

ಗೌಡರ ಮುಖ ನಿಧಾನಕ್ಕೆ ಉದ್ದವಾಗುತ್ತ ಬಂತು. ಬಾಯಿ ಮುಚ್ಚಿ ಎಂದು ಅರಿ ಎಲ್ಲರನ್ನೂ ಕಣ್ಣಲ್ಲೇ ಬೇಡಿಕೊಂಡ. ರಾಜೇಶ್‌ಕುಮಾರ್ ಅದನ್ನು ತಪ್ಪಾಗಿ ತಿಳಿದು ಎದೆಯುಬ್ಬಿಸಿ ಮುಂದೆ ಬಂದ.

"ಬೆಳಿಗ್ಗೆಯೂ ನಿಲ್ಲಿಸ್ತಿದ್ದ ತಾತಾ! ಎರಡೂ ಕಾಲಲ್ಲಿ ಒತ್ತಿದ್ದ. ಬೂಸ್ಟರ್ ಹೋಗಿತ್ತು, ಅಷ್ಟೇ."

ಲಿಂಗಿ ಹಣೆ ಹಣೆ ಚಚ್ಚಿಕೊಂಡಳು. ಗೌಡರು ಫೋನ್ ತೆಗೆದು, ಮೊಮ್ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸ್ಪೀಕರ್ ಹಾಕಿ ಅರಿಯ ಮುಂದೆ ಹಿಡಿದರು. ಇನ್ನು ಸುಳ್ಳು ಹೇಳಿ ಏನು ಮಾಡುವುದು?

"ಹೌದು," ಎಂದ ಅರಿ. "ನಿಲ್ಲಿಸಬೇಕು ಅಂತಲೇ ಇತ್ತು. ಲಾರಿ ಕೇಳ್ಲಿಲ್ಲೆ."

ಆ ಕಡೆಯಿಂದ ವಿದ್ಯಾಳ ದನಿ ಬಂತು, ಅದರಲ್ಲಿ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. "ಬ್ರೇಕ್ ಇಲ್ಲದೆ ಆ ತಿರುವಲ್ಲಿ ಇಳಿದ್ರಾ? ಏನಾದ್ರೂ ಆಗಿದ್ರೆ? ಈಗ ಸರಿ ಆಗಿದೆಯಾ?"

"ಆಗಿದೆ."

"ಸರಿ. ಇನ್ನೊಂದೇ ಒಂದು ಸಲ ನೋಡ್ತೀನಿ. ಆರೂವರೆಗೆ ನಮ್ಮನೆಗೆ ಬನ್ನಿ. ಒಬ್ರೇ ಬರ್ಬೇಕು. ದಾರಿಲಿ ಯಾರನ್ನೂ ಹತ್ತಿಸ್ಕೋಬಾರ್ದು. ಬಂದ್ರೆ ಒಪ್ಪಿಗೆ."

ಫೋನ್ ಕಟ್ಟಾಯಿತು. ಅರಿಯ ಕಣ್ಣಲ್ಲಿ ನೀರೇ ಬಂತು. ಬದುಕಿದೆ, ಮತ್ತೆ ಬದುಕಿದೆ! ದಾರಿಯಲ್ಲಿ ತಾನೇ ಹತ್ತಿಸಿಕೊಳ್ಳಬಾರದು, ಅದೇನು ಮಹಾ ಕೆಲಸ ಎಂದು ಲಾರಿಯ ಕಡೆ ಓಡಿದ.

ಲಾರಿ ತುಂಬಿತ್ತು. ಇಳಿದವರೆಲ್ಲ ಮತ್ತೆ ಹತ್ತಿದ್ದರು. ಸ್ಪೀಕರಿನಲ್ಲಿ ಮಾತು ಕೇಳಿಸಿಕೊಂಡ ಹಟ್ಟಿಯ ಹೆಂಗಸರು ಬಿಳಿ ಶಾಲು ಹೊದ್ದು ಬರುತ್ತಲೇ ಇದ್ದರು. ಆಡೂ ತನ್ನ ಜಾಗ ಹಿಡಿದಿತ್ತು. ಮುಂದಿನ ಸೀಟಿನಲ್ಲಿ ಅವನವ್ವ.

"ಅವ್ವಾ, ಒಬ್ಬನೇ ಬರ್ಬೇಕು ಅಂದ್ಳಲ್ಲ!"

"ಹೆಣ್ಣಿನ ಮನೆಗೆ ಒಬ್ಬನೇ ಹೋಗೋಕೆ ನೀ ಏನು ಅನಾಥನಾ? ಹಟ್ಟಿ ಸತ್ತಿದೆಯಾ? ಸುಮ್ನೆ ಹತ್ತು."

"ದಾರಿಲಿ ಹತ್ತಿಸ್ಕೋಬಾರ್ದು ಅಂದದ್ದು," ಎಂದು ಮೇಲಿಂದ ರಾಜೇಶ್‌ಕುಮಾರ್ ತೀರ್ಪು ಕೊಟ್ಟ. "ನಾವು ಇಲ್ಲೇ ಹತ್ತಿದೀವಿ."

ಅರಿ ದಿಕ್ಕು ತೋಚದೆ ಗೌಡರ ಮುಖ ನೋಡಿದ. ಗೌಡರು ಕೋಲನ್ನು ಒಳಗೆ ಎಸೆದು, ಕ್ಯಾಬಿನ್ನಿನ ಮೆಟ್ಟಿಲಿಗೆ ಕಾಲು ಹಾಕಿ, ಮೇಲೆ ಎಳೆದುಕೊಳ್ಳಲು ಕೈ ಎತ್ತಿದರು.

"ಈ ಗಲಾಟೆಲಿ ನನ್ನ ಬಸ್ಸೂ ಹೋಯ್ತು. ಎಳ್ಕೋ ಮಗಾ."

ಹಿರಿಯರು ಕೈ ಎತ್ತಿದ್ದಾರೆ. ಅರಿ ಎಳೆದುಕೊಂಡ. ಆಮೇಲೆ ತನ್ನ ಸೀಟಿನಲ್ಲಿ ಕೂತು ಬ್ರೇಕಿನ ಮೇಲೆ ಕಾಲಿಟ್ಟು ನೋಡಿದ. ಬಲು ಒಳ್ಳೆಯ ಬ್ರೇಕು. ಲಾರಿಯನ್ನು ಈಗ ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಇಳಿಯುವವರು ಮಾತ್ರ ಒಬ್ಬರೂ ಇರಲಿಲ್ಲ.